ಎಲ್ಲ ಹೆಂಗಸರಿಗೂ ಒಂದೇ ನಂಬರು

ಸಿದಿ ಜರೂಕ್ ಊರಿನ ಹಮ್ಮಾಮ್ ಓಣಿಯಲ್ಲಿ, ಮದುವೆಯ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಗಂಡಂದಿರಿಂದ ಹೊಡೆತ ತಿಂದ ಹೆಂಗಸರ ಮಾತು ಕೇಳಿಸಿಕೊಳ್ಳುವ ಒಂದು ಕೇಂದ್ರವಿದೆ. ಬೋರ್ಡು ಇಲ್ಲ. ಮೊದಲು ಇತ್ತು. ಬೋರ್ಡು ಹಾಕಿದ ವಾರ ಹೆಂಗಸರು ಒಬ್ಬರೂ ಬರಲಿಲ್ಲ, ಗಂಡಂದಿರು ಇಬ್ಬರು ಬಂದರು. ಈಗ ಆ ಬೋರ್ಡನ್ನು ತಾರಸಿಯಲ್ಲಿ ಅಂಗಾತ ಮಲಗಿಸಿ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ.

ಅಲ್ಲಿ ಕೂತು ಮಾತು ಕೇಳಿಸಿಕೊಳ್ಳುವವಳು ದಲೆಂದಾ. ವಯಸ್ಸು ಐವತ್ತೊಂಬತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಳು. ಆಗ ಊರಿನಲ್ಲಿದ್ದದ್ದು ನೂರಾ ನಲವತ್ತು ಫೋನು. ಯಾರಿಗೆ ಯಾರು ಮಾತಾಡಬೇಕಾದರೂ ದಲೆಂದಾ ತಂತಿ ಸಿಕ್ಕಿಸಬೇಕಿತ್ತು. ಮಸೀದಿಯ ಇಮಾಮರ ತಮ್ಮ ಶುಕ್ರವಾರ ಯಾವ ಮನೆಗೆ ಫೋನು ಮಾಡುತ್ತಾನೆ, ಎಣ್ಣೆ ಗಿರಣಿಯವನ ಮಗಳು ಯಾಕೆ ಅಳುತ್ತಾಳೆ, ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಒಂದನ್ನೂ ಅವಳು ಹೊರಗೆ ಬಿಟ್ಟವಳಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಹಮ್ಮಾದಿಯನ್ನು ಮದುವೆಯಾದ ಮೇಲೆ ಅವನಿಗೂ ಹೇಳಲಿಲ್ಲ. ಹಮ್ಮಾದಿ ಕೇಳಲೂ ಇಲ್ಲ. ಅವನನ್ನು ಮದುವೆಯಾಗಲು ಅವಳಿಗಿದ್ದ ಕಾರಣಗಳಲ್ಲಿ ಅದೂ ಒಂದು. ಅವರಿಗೆ ಮಕ್ಕಳಾಗಲಿಲ್ಲ. ಮೂವತ್ತಾರು ವರ್ಷ ಒಬ್ಬರಿಗೊಬ್ಬರು ಏರಿದ ದನಿಯಲ್ಲಿ ಮಾತಾಡಿದ್ದು ರೇಡಿಯೋ ಕೆಟ್ಟಾಗ ಮಾತ್ರ, ಅದೂ ರೇಡಿಯೋಗೆ ಬೈದದ್ದು.

ಕೇಂದ್ರ ನಡೆಯುತ್ತಿದ್ದದ್ದು ಹಮ್ಮಾಮಿನ, ಅಂದರೆ ಓಣಿಯ ಸಾರ್ವಜನಿಕ ಸ್ನಾನದ ಮನೆಯ, ಮರೆಯಲ್ಲಿ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಹಮ್ಮಾಮು ಹೆಂಗಸರದು. ಹೆಂಗಸೊಬ್ಬಳು ಬಕೆಟ್ಟು ಹಿಡಿದು ಮನೆಯಿಂದ ಹೊರಟರೆ ಎಲ್ಲಿಗೆ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ, ಮೂರು ಗಂಟೆ ಹೊತ್ತು ಬರದಿದ್ದರೂ ಕೇಳುವುದಿಲ್ಲ. ಅವರು ಬಕೆಟ್ಟಿನ ಸಮೇತ ದಲೆಂದಾಳ ಮೆಟ್ಟಿಲು ಹತ್ತುತ್ತಿದ್ದರು. ಮಾತು ಮುಗಿದ ಮೇಲೆ ದಲೆಂದಾ ಒಬ್ಬೊಬ್ಬಳ ತಲೆಗೂ ಚೊಂಬಿನಲ್ಲಿ ಬಿಸಿನೀರು ಸುರಿದು, ಕೂದಲಿಗೆ ಜೇಡಿಮಣ್ಣು ಹಚ್ಚಿ ತೊಳೆದು, ಕೆನ್ನೆಯನ್ನು ಒರಟು ಬಟ್ಟೆಯಿಂದ ಕೆಂಪಗಾಗುವಷ್ಟು ಉಜ್ಜಿ ಕಳಿಸುತ್ತಿದ್ದಳು. ಕೆನ್ನೆ ಆಗಲೇ ಕೆಂಪಗಿದ್ದರೆ ಉಜ್ಜುತ್ತಿರಲಿಲ್ಲ. ಮೊದಲ ವರ್ಷ ಒಬ್ಬಳು ಅವಸರದಲ್ಲಿ ಒಣ ಕೂದಲಿನಲ್ಲೇ ಮನೆಗೆ ಹೋಗಿದ್ದಳು. ಮುಂದಿನ ಸಲ ಬರುವಾಗ ಅವಳ ಬಲಗೈ ಪಟ್ಟಿಯಲ್ಲಿ ನೇತಾಡುತ್ತಿತ್ತು. ಅಂದಿನಿಂದ ದಲೆಂದಾ ಒಣ ತಲೆಯವರನ್ನು ಮೆಟ್ಟಿಲು ಇಳಿಯಲು ಬಿಟ್ಟಿಲ್ಲ.

ಚಳಿಗಾಲದಲ್ಲಿ ರಾಜಧಾನಿಯಿಂದ ಸರ್ಕಾರದ ಕಡೆಯ ಸಿ ಅನೀಸ್, ಅಂದರೆ ಅನೀಸ್ ಸಾಹೇಬ, ಎಂಬಾತ ಬಂದ. ನಲವತ್ತು ದಾಟಿದವನು, ಒಳ್ಳೆಯ ಮನುಷ್ಯ, ಮೆಟ್ಟಿಲು ಹತ್ತುವಾಗಲೇ ಶೂ ಒರೆಸಿಕೊಂಡ. ಜೊತೆಗೆ ಒಂದು ಕಂಪ್ಯೂಟರನ್ನೂ ಅದರೊಳಗೆ ಮಿಸ್ಬಾಹ್ ಎಂಬ ಹೊಸ ವ್ಯವಸ್ಥೆಯನ್ನೂ ತಂದಿದ್ದ. ಮಿಸ್ಬಾಹ್ ಎಂದರೆ ದೀಪ.

"ಲಲ್ಲಾ ದಲೆಂದಾ, ಇನ್ಮೇಲೆ ಒಂದು ಹೆಂಗಸು ತನ್ನ ಕತೇನ ಆರು ಕಡೆ ಆರು ಸಲ ಹೇಳ್ಕೊಂಡು ಅಳ್ಬೇಕಾಗಿಲ್ಲ," ಎಂದ ಅನೀಸ್, ಅಮ್ಮಾ ಎನ್ನುವಷ್ಟು ಗೌರವದಿಂದ. "ನಿಮ್ಮತ್ರ ಒಂದ್ಸಲ ಹೇಳಿದ್ರೆ ಸಾಕು. ಆಸ್ಪತ್ರೆಗೂ ಗೊತ್ತಾಗತ್ತೆ, ಪೊಲೀಸರಿಗೂ ಗೊತ್ತಾಗತ್ತೆ, ವಕೀಲರಿಗೂ ಗೊತ್ತಾಗತ್ತೆ."

ಮಾತು ನ್ಯಾಯವಾದದ್ದೇ. ಆರು ಕಡೆ ಹೇಳಿ ಹೇಳಿ ಕೊನೆಗೆ ಬೇರೆ ಯಾರದೋ ಕತೆ ಹೇಳುವವರಂತೆ ಹೇಳುವ ಹೆಂಗಸರನ್ನು ದಲೆಂದಾ ಕಂಡಿದ್ದಳು. ಆದರೂ ಕೇಳಿದಳು:

"ಮತ್ತೆ ಗಂಡಂಗೆ?"

"ಗಂಡಂಗೆ ಗೊತ್ತಾಗಲ್ಲ."

"ಅಷ್ಟು ಜನಕ್ಕೆ ಗೊತ್ತಿರೋದು ಈ ಊರಲ್ಲಿ ಗಂಡ ಒಬ್ಬಂಗೆ ಗೊತ್ತಾಗದೆ ಇರತ್ತಾ? ನೀನು ಯಾವೂರೋನಪ್ಪ?"

ಅನೀಸ್ ನಕ್ಕು, ಬೀಗದ ಚಿತ್ರವಿದ್ದ ಒಂದು ಪರದೆ ತೋರಿಸಿದ. ದಲೆಂದಾ ಬೀಗವನ್ನು ನೋಡಿದಳು. ಆಮೇಲೆ ಅವನು ಅರ್ಜಿ ತುಂಬುವುದನ್ನು ಕಲಿಸಿದ. ಹೆಸರು ಪೂರ್ತಿ ಬರೆಯದಿದ್ದರೂ ನಡೆಯುತ್ತಿತ್ತು. ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ ಮಾತ್ರ ಪರದೆ ಕೆಂಪಗಾಗಿ ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ.

"ನಂಬರು ಯಾಕೆ ಬೇಕು?"

"ಬಂದು ಹೋದ ಮಾರನೇ ದಿನ ಅವ್ರಿಗೆ ಒಂದು ಮೆಸೇಜ್ ಹೋಗತ್ತೆ. ಸೇವೆ ಹೇಗಿತ್ತು, ಒಂದರಿಂದ ಐದರೊಳಗೆ ಅಂಕ ಕೊಡಿ ಅಂತ."

"ಎಲ್ಲಿಗೆ ಹೋಗತ್ತೆ?"

"ಅವ್ರ ಫೋನಿಗೆ."

"ಅವ್ರ ಫೋನು ಸಂಜೆ ಯಾರ ಕೈಲಿರತ್ತೆ?"

ಅನೀಸ್ ಪರದೆಯ ಕಡೆಗೆ ತಿರುಗಿದ. "ಅದು ಅವ್ರ ಖಾಸಗಿ ವಿಷಯ, ಲಲ್ಲಾ," ಎಂದ.

ಸಿದಿ ಜರೂಕಿನಲ್ಲಿ ಸಿಮ್ ಕೊಳ್ಳುವುದು ಗಂಡಸರ ಕೆಲಸ, ಹಬ್ಬಕ್ಕೆ ಕುರಿ ಕೊಳ್ಳುವ ಹಾಗೆ. ಹೆಂಡತಿಯ ಕೈಯಲ್ಲಿರುವ ಫೋನು ಗಂಡನ ಗುರುತಿನ ಚೀಟಿಯ ಮೇಲಿರುತ್ತದೆ. ದಲೆಂದಾಳದೂ ಅಷ್ಟೇ, ಹಮ್ಮಾದಿ ಒಂದೇ ದಿನ ಎರಡು ಸಿಮ್ ತಂದು ಒಂದನ್ನು ಅವಳಿಗೆ ಕೊಟ್ಟಿದ್ದ. ಅನೀಸ್ ಎಲ್ಲವನ್ನೂ ಬರೆದುಕೊಂಡು, ಮುಂದಿನ ವರ್ಷ ಸರಿಪಡಿಸುವುದಾಗಿ ಹೇಳಿ ಹೋದ.

ಮುಂದಿನ ವರ್ಷದ ತನಕ ಹೊಡೆಯಬೇಡಿ ಎಂದು ಗಂಡಂದಿರಿಗೆ ಹೇಳಲು ಬರುವಂತಿರಲಿಲ್ಲ. ದಲೆಂದಾ ಒಂದು ದಿನ ಯೋಚಿಸಿ, ಮೊದಲ ಹೆಂಗಸಿನ ನಂಬರಿನ ಜಾಗದಲ್ಲಿ ತನ್ನ ನಂಬರನ್ನೇ ಒತ್ತಿದಳು. ಎರಡನೆಯವಳಿಗೂ ಅದನ್ನೇ ಒತ್ತಿದಳು. ಇದರಲ್ಲಿ ಸುಳ್ಳೇನೂ ಅವಳಿಗೆ ಕಾಣಲಿಲ್ಲ. ಈ ಹೆಂಗಸನ್ನು ಸಂಪರ್ಕಿಸುವುದು ಹೇಗೆ ಎಂದು ಮಿಸ್ಬಾಹ್ ಕೇಳುತ್ತಿತ್ತು. ದಲೆಂದಾಳ ಮೂಲಕ ಎಂಬುದೇ ಸರಿಯಾದ ಉತ್ತರವಾಗಿತ್ತು. ನಲವತ್ತು ವರ್ಷದ ಹಿಂದೆಯೂ ಉತ್ತರ ಅದೇ ಇತ್ತು.

ಹೀಗಾಗಿ ವಾರದಲ್ಲಿ ಐದಾರು ಸಲ ಬೆಳಗ್ಗೆ ಕಾಫಿಯ ಹೊತ್ತಿಗೆ ಅವಳ ಫೋನು ಗುಂಯ್‌ಗುಡುತ್ತಿತ್ತು. ನಿಮ್ಮ ಭೇಟಿಗೆ ಧನ್ಯವಾದ, ಅಂಕ ಕೊಡಿ. ದಲೆಂದಾ ಪ್ರಾಮಾಣಿಕವಾಗಿ ಕೊಡುತ್ತಿದ್ದಳು. ಸಾಮಾನ್ಯವಾಗಿ ಮೂರು. ಹಿಂದಿನ ದಿನ ಚಹಾಕ್ಕೆ ಪುದೀನ ಇಲ್ಲದಿದ್ದರೆ ಎರಡು. ಎದುರಿಗೆ ಕೂತ ಹಮ್ಮಾದಿ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದುತ್ತಾ, ಆ ಫೋನು ಇಷ್ಟೊಂದು ಯಾಕೆ ಗುಂಯ್‌ಗುಡುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ಮೂರು ತಿಂಗಳಲ್ಲಿ ಅರವತ್ತಾರು ಹೆಂಗಸರಾದರು. ಅರವತ್ತೇಳನೆಯವಳು ಸೌಸನ್.

ಸೌಸನ್‌ಗೆ ಇಪ್ಪತ್ತಾರು ವರ್ಷ. ಗಂಡ ಫೌಜಿಯದು ದೊಡ್ಡ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ನಾಲ್ಕು ವರ್ಷದ ಮಗಳು ಲೀನ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಅಂಗಿ ಎತ್ತಿ ಬೆನ್ನು ತೋರಿಸಿದಳು. ದಲೆಂದಾ ಹನ್ನೆರಡು ವರ್ಷದಿಂದ ಬೆನ್ನುಗಳನ್ನು ನೋಡುತ್ತಿದ್ದವಳು. ಇದನ್ನು ನೋಡಿ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. ಅಂಗಡಿಯಲ್ಲಿ ಟೈಲ್ಸಿನ ಅಂಚು ಕೂರಿಸಲು ಅಲ್ಯೂಮಿನಿಯಂ ಪಟ್ಟಿ ಇರುತ್ತದಲ್ಲ, ಅದರಲ್ಲಿ ಹೊಡೆದದ್ದು.

ದೂರದ ಊರಿನ ಒಂದು ಆಶ್ರಯಮನೆಯಲ್ಲಿ ಇನ್ನು ಹನ್ನೊಂದು ದಿನ ಕಳೆದರೆ ಕೋಣೆಯೊಂದು ಖಾಲಿಯಾಗುವುದಿತ್ತು. ಆದರೆ ಈಗ ಆಶ್ರಯಮನೆಯಲ್ಲಿ ಜಾಗ ಬೇಕಾದರೆ ಮಿಸ್ಬಾಹ್‌ನಲ್ಲಿ ಹೆಸರಿರಬೇಕು, ಗಾಯಗಳ ವಿವರವಿರಬೇಕು.

"ಬರ್ಕೊಳಿ ಖಾಲ್ತಿ, ಏನ್ ಬೇಕಾದ್ರೂ ಬರ್ಕೊಳಿ," ಎಂದಳು ಸೌಸನ್, ಚಿಕ್ಕಮ್ಮನನ್ನು ಕರೆಯುವಂತೆ. "ಆದ್ರೆ ನನ್ ಫೋನಿಗೆ ಏನೂ ಬರಕೂಡ್ದು. ಅವ್ನು ಸಂಜೆ ಮನೆಗ್ ಬಂದು ಶೂ ಬಿಚ್ಚೋಕ್ ಮುಂಚೆ ನನ್ ಫೋನು ಕೇಳ್ತಾನೆ. ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ನನ್ನ ಸಾಯಿಸ್ತಾನೆ. ಮಾತಿಗೆ ಹೇಳ್ತಿಲ್ಲ."

"ಗೊತ್ತು ಬಿಂತಿ, ಗೊತ್ತು ಮಗಳೇ. ತಲೆ ಬಗ್ಗಿಸು," ಎಂದು ದಲೆಂದಾ ನೀರು ಸುರಿದಳು. ಲೀನ್ ತನ್ನ ತಲೆಗೂ ಸುರಿಯಬೇಕೆಂದು ಹಟ ಮಾಡಿದಳು. ಅವಳಿಗೂ ಸುರಿದದ್ದಾಯಿತು.

ಅವರು ಹೋದ ಮೇಲೆ ದಲೆಂದಾ ಗಾಯಗಳ ವಿವರವನ್ನು ಒಂದೊಂದಾಗಿ ಕಂಪ್ಯೂಟರಿಗೆ ಒತ್ತಿ, ಕೊನೆಗೆ ತನ್ನ ನಂಬರು ಒತ್ತಿದಳು.

ಈಗ ಮಿಸ್ಬಾಹ್‌ನ ಬುದ್ಧಿಯನ್ನು ಸ್ವಲ್ಪ ಹೇಳಬೇಕು. ಹೆಂಗಸರು ಹೆದರಿ ಬೇರೆ ಬೇರೆ ಹೆಸರು ಹೇಳುತ್ತಾರೆಂದು ಅದಕ್ಕೆ ಮೊದಲೇ ಕಲಿಸಿಟ್ಟಿದ್ದರು. ಹಾಗಾಗಿ ಅಪಾಯವನ್ನು ಅಳೆಯುವಾಗ ಅದು ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಫೋನ್ ನಂಬರನ್ನು ಮಾತ್ರ ನೋಡುತ್ತಿತ್ತು. ಸೌಸನ್‌ಳ ಬೆನ್ನು ಸೇರುತ್ತಲೇ ಅದು ಒಟ್ಟು ಹಾಕಿ ನೋಡಿತು. ಒಂದೇ ನಂಬರು, ಅಂದರೆ ಒಬ್ಬಳೇ ಹೆಂಗಸು. ಮೂರು ತಿಂಗಳಲ್ಲಿ ಅರವತ್ತೇಳು ಸಲ ಹೊಡೆತ ತಿಂದಿದ್ದಾಳೆ. ಆ ನಂಬರು ಇದ್ದದ್ದು ಹಮ್ಮಾದಿ ಬಿನ್ ಸ್ಲೀಮಾನ್ ಎಂಬ ನಿವೃತ್ತ ಅಂಚೆ ನೌಕರನ ಗುರುತಿನ ಚೀಟಿಯ ಮೇಲೆ. ಜಿಲ್ಲೆಯಲ್ಲೇ ಇಂಥ ಕ್ರೂರಿ ಇನ್ನೊಬ್ಬನಿಲ್ಲವೆಂದು ತೀರ್ಮಾನಿಸಿ ಮಿಸ್ಬಾಹ್ ಠಾಣೆಯಲ್ಲಿ ಕೆಂಪು ದೀಪ ಹಚ್ಚಿತು.

ನಾಲ್ಕನೆಯ ದಿನ ಪೊಲೀಸ್ ಕಾರು ಬಂದಾಗ ಆ ಕ್ರೂರಿ ಅಂಗಳದಲ್ಲಿ ಬಿಳಿ ಹಾಸು ಹಾಸಿಕೊಂಡು, ಕಹಿ ಕಿತ್ತಳೆಯ ಹೂವುಗಳನ್ನು ತೊಟ್ಟಿನಿಂದ ಬಿಡಿಸುತ್ತಿದ್ದ. ಪ್ರತಿ ವಸಂತದಲ್ಲಿ ಆ ಹೂವಿನ ನೀರು ಬಟ್ಟಿ ಇಳಿಸುವುದು ಅವನ ಕೆಲಸ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಹಮ್ಮಾದಿ ಹೂವಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಕಾರು ಹತ್ತಿದ. ದಲೆಂದಾಳೂ ಹತ್ತಿದಳು.

ನಿಯಮದ ಪ್ರಕಾರ ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸಬೇಕು. ಇದ್ದದ್ದು ಒಂದೇ ಕೋಣೆಯಾದ್ದರಿಂದ ಹಮ್ಮಾದಿಯನ್ನು ಹೊರಗೆ ಕುರ್ಚಿ ಹಾಕಿ ಕೂರಿಸಿದರು. ಬಾಗಿಲು ತೆರೆದೇ ಇತ್ತು, ಯಾಕೆಂದರೆ ಅದು ಮುಚ್ಚುತ್ತಿರಲಿಲ್ಲ.

ಹೆಂಗಸರ ವಿಭಾಗದ ಅಧಿಕಾರಿ ಮಾದಾಮ್ ಸಬೀಹಾ ಕಟ್ಟುನಿಟ್ಟಿನ ಹೆಂಗಸು. ಅಂಗೈಯಷ್ಟು ದಪ್ಪದ ಕಡತವನ್ನು ಬಿಡಿಸಿ ಓದಿದಳು.

"ಮೂರು ತಿಂಗಳಲ್ಲಿ ಅರವತ್ತೇಳು ಸಲ. ಕೈ ಮುರಿದಿದ್ದು ನಾಲ್ಕು."

"ಎಷ್ಟು ಕೈ ಅಂದ್ರಿ?" ಎಂದು ಹೊರಗಿನಿಂದ ಹಮ್ಮಾದಿ ಕೇಳಿದ.

"ನೀವು ಸುಮ್ನಿರಿ. ಹಲ್ಲು ಹನ್ನೊಂದು. ಒಂಬತ್ತು ಸಲ ಹೊಡೆದಾಗ ಹೆಂಡ್ತಿ ಗರ್ಭಿಣಿ."

ಸಬೀಹಾ ತಲೆ ಎತ್ತಿ ಎದುರಿಗಿದ್ದ ಐವತ್ತೊಂಬತ್ತರ ಹೆಂಗಸನ್ನು ನೋಡಿದಳು. ಮತ್ತೆ ಕಾಗದ ನೋಡಿದಳು. ಕಡತವನ್ನು ಮುಚ್ಚಿ ದನಿ ತಗ್ಗಿಸಿದಳು.

"ಲಲ್ಲಾ, ಇದೇನೋ ಸರಿ ಇಲ್ಲ ಅಂತ ನಂಗೂ ಕಾಣ್ತಿದೆ. ಏನ್ ನಡೆದಿದೆ ಹೇಳಿ."

ದಲೆಂದಾಳ ಬಾಯಿಯವರೆಗೆ ಬಂದಿತ್ತು. ಆದರೆ ಎಕ್ಸ್‌ಚೇಂಜಿನವಳು ತಂತಿ ಸಿಕ್ಕಿಸುವ ಮುಂಚೆ ಆ ಕಡೆ ಯಾರಿದ್ದಾರೆ ಎಂದು ನೋಡುತ್ತಾಳೆ.

"ಒಂದ್ವೇಳೆ ನಂಬರು ತಪ್ಪಿದ್ರೆ ಏನ್ಮಾಡ್ತೀರಿ?"

"ಸರಿ ನಂಬರು ಹಾಕ್ಲೇಬೇಕು. ಇವತ್ತೇ. ಹಾಕಿದ ತಕ್ಷಣ ಆ ನಂಬರುಗಳಿಗೆಲ್ಲ ಮೆಸೇಜ್ ಹೋಗತ್ತೆ, ನೀವು ಇಂಥ ಕೇಂದ್ರಕ್ಕೆ ಬಂದಿದ್ದು ನಿಜಾನಾ, ಖಚಿತಪಡಿಸಿ ಅಂತ. ಅದನ್ನ ನಿಲ್ಸೋದು ನನ್ ಕೈಲಿಲ್ಲ."

"ಮೆಸೇಜ್ ಕಳಿಸ್ದೆ ಏಳು ದಿನ ತಡೆಯೋಕಾಗಲ್ವಾ?"

"ತಪ್ಪು ಅಂತ ಗೊತ್ತಾದ್ಮೇಲೆ ನಾನು ಏಳು ನಿಮಿಷ ತಡೆದ್ರೂ ನನ್ ಕೆಲಸ ಹೋಗತ್ತೆ. ತಪ್ಪಿದ್ಯಾ?"

ದಲೆಂದಾ ಹೊರಗಿನ ಕುರ್ಚಿಯ ಕಡೆ ನೋಡಿದಳು. ಹೌದು ಎಂದರೆ ಸಂಜೆ ಫೌಜಿ ಶೂ ಬಿಚ್ಚುವ ಮುಂಚೆ ಫೋನು ಕೇಳುತ್ತಾನೆ. ಇಲ್ಲ ಎಂದರೆ ಬಾಗಿಲ ಹೊರಗೆ ಕೂತವನು, ಮೂವತ್ತಾರು ವರ್ಷದಲ್ಲಿ ಒಂದು ಬೆಕ್ಕಿನ ಮೇಲೂ ಕೈ ಎತ್ತದವನು, ಊರಿಗೆಲ್ಲ ಹೆಂಡತಿಗೆ ಹೊಡೆಯುವವನಾಗುತ್ತಾನೆ.

ಹೊರಗೆ ಕುರ್ಚಿ ಕಿರುಗುಟ್ಟಿತು. ಹಮ್ಮಾದಿ ಎದ್ದು ಬಾಗಿಲಿಗೆ ಬಂದು ನಿಂತ. ಕೂದಲಿನಲ್ಲಿ ಒಂದು ಕಿತ್ತಳೆ ಹೂವಿನ ಎಸಳು ಸಿಕ್ಕಿಕೊಂಡಿತ್ತು.

"ಮಾದಾಮ್, ನಾನೇ ಹೊಡೆದಿದ್ದು. ಎಲ್ಲಿ ಸಹಿ ಹಾಕ್ಬೇಕು?"

"ಅರವತ್ತೇಳು ಸಲಾನಾ?" ಎಂದಳು ಸಬೀಹಾ.

"ಲೆಕ್ಕ ಇಟ್ಟಿಲ್ಲ."

ಸಬೀಹಾ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಹೆಂಡತಿ ದೂರು ಕೊಡುತ್ತಿಲ್ಲ, ಮೈಮೇಲೆ ಗಾಯವಿಲ್ಲ, ಆದ್ದರಿಂದ ಸದ್ಯಕ್ಕೆ ಮುಚ್ಚಳಿಕೆ ಬರೆದುಕೊಟ್ಟರೆ ಸಾಕು, ಪ್ರತಿ ತಿಂಗಳ ಮೊದಲ ಸೋಮವಾರ ಬಂದು ಹೊಸದಾಗಿ ಬರೆದುಕೊಡಬೇಕು ಎಂದಳು. 'ನಾನು ಇನ್ನು ಮುಂದೆ ನನ್ನ ಹೆಂಡತಿಗೆ ಹೊಡೆಯುವುದಿಲ್ಲ' ಎಂದು ಹಮ್ಮಾದಿ ಅಂಚೆ ಕಚೇರಿಯ ದುಂಡಾದ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಮೇಲೆ ಬಿದ್ದ ಮೊಹರು ಸ್ವಲ್ಪ ಓರೆಯಾಗಿತ್ತು. ಹಳೆಯ ಅಭ್ಯಾಸದಿಂದ ಅವನಿಗೆ ಅದು ಬೇಸರ ತಂದಿತು.

ದಾರಿಯಲ್ಲಿ ದಲೆಂದಾ, "ಹಮ್ಮಾದಿ, ನಾನು ನಿಂಗೆ ಹೇಳ್ಬೇಕು..." ಎಂದಳು.

"ಬೇಡ. ಎಷ್ಟು ದಿನ ಅಂತ ಮಾತ್ರ ಹೇಳು."

"ಏಳು."

"ಏಳು ದಿನ ತಾನೇ," ಎಂದ ಹಮ್ಮಾದಿ. "ಹೂವು ಬಾಡಿರತ್ತೆ, ಬೇಗ ನಡಿ."

ದಲೆಂದಾಳಿಗೆ ಅಳು ತಡೆಯಲಾಗಲಿಲ್ಲ. ಬೇಕರಿಯ ಮುಂದೆ, ಅಷ್ಟು ಜನರೆದುರು, ಸೆರಗಿನಂತೆ ಹೊದ್ದ ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೆಂಡತಿಯನ್ನು ಅಳಿಸಿದ್ದು ಇದೇ ಮೊದಲೆಂದು ಹಮ್ಮಾದಿ ಗಾಬರಿಯಾದ, ಅದೂ ಮುಚ್ಚಳಿಕೆ ಬರೆದುಕೊಟ್ಟು ಹತ್ತು ನಿಮಿಷವಾಗಿರಲಿಲ್ಲ. ನೋಡಿದವರೆಲ್ಲ ನಂಬಿದರು.

ಸುದ್ದಿ ಸಂಜೆಯ ರೊಟ್ಟಿಗಿಂತ ಮೊದಲು ಮನೆ ಮನೆ ತಲುಪಿತು. ಹೂವು ಕೊಡುತ್ತಿದ್ದ ಎದುರು ಮನೆಯಾಕೆ ಹಮ್ಮಾದಿಗೆ ಹೂವು ಕೊಡುವುದನ್ನು ನಿಲ್ಲಿಸಿದಳು. ಅವನ ತಂಗಿ ಫೋನು ಮಾಡಿ, "ನಮ್ಮಪ್ಪನ ಹೆಸರು ಮಣ್ಣುಪಾಲು ಮಾಡ್ದೆ, ಥೂ," ಎಂದು ಇಟ್ಟುಬಿಟ್ಟಳು. ಇದೆಲ್ಲ ಬರುವುದೆಂದು ದಲೆಂದಾಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಬಂದದ್ದು ಬೇರೆ. ಮೂರು ದಿನ ಕಳೆದ ಮೇಲೆ, ಊಟಕ್ಕೆ ಕೂತಾಗ ಹಮ್ಮಾದಿ ಹೇಳಿದ:

"ಕಾಫಿ ಅಂಗಡೀಲಿ ನಂಗೆ ಜಾಗ ಬಿಡ್ತಾ ಇದಾರೆ."

ಕೇಂದ್ರದ ಎದುರಿಗಿರುವ ಆ ಕಾಫಿ ಅಂಗಡಿಯಲ್ಲಿ ಹಮ್ಮಾದಿ ನಿವೃತ್ತನಾದಂದಿನಿಂದ ಶ್ಕುಬ್ಬಾ ಎಂಬ ಇಸ್ಪೀಟಾಟ ಆಡುತ್ತಾನೆ, ನಿವೃತ್ತನಾದಂದಿನಿಂದ ಸೋಲುತ್ತಾನೆ. ಹೆಂಡತಿಯ ಬಟ್ಟೆ ಒಣಗಹಾಕುವವನು ಎಂದು ಅಲ್ಲಿ ಅವನನ್ನು ಆಡಿಕೊಳ್ಳುತ್ತಿದ್ದರು, ಒಂದು ಕಾಲಿಲ್ಲದ ಮುರುಕು ಕುರ್ಚಿ ಅವನ ಪಾಲಿಗೆ ಇಡುತ್ತಿದ್ದರು.

"ಈಗ ಒಳ್ಳೆ ಕುರ್ಚಿ ಕೊಡ್ತಾರೆ. 'ಬಾ ಸಿ ಹಮ್ಮಾದಿ' ಅಂತಾರೆ. ಸಿ ಅಂತ ಮರ್ಯಾದೆ ಕೊಟ್ಟು ಅಲ್ಲಿ ನನ್ನ ಯಾರೂ ಕರ್ದಿರ್ಲಿಲ್ಲ. ಇವತ್ತು ಕಾಫೀನೂ ಕೊಡಿಸಿದ್ರು."

"ಯಾರು?"

"ಟೈಲ್ಸ್ ಅಂಗಡಿ ಫೌಜಿ."

ದಲೆಂದಾಳ ಕೈಯಲ್ಲಿದ್ದ ರೊಟ್ಟಿ ತಟ್ಟೆಯ ಮೇಲೆಯೇ ನಿಂತಿತು. ಹಮ್ಮಾದಿ ಆ ಕೈಯನ್ನು ನೋಡಿದ. ಅವಳು ಹೆಸರು ಹೇಳಿರಲಿಲ್ಲ, ಈಗ ಹೇಳಿದಂತಾಯಿತು.

"ಏನಂದ ಅವ್ನು?"

"'ಮುಖಕ್ಕೆ ಹೊಡೀಬೇಡ ಹಮ್ಮಾದಿ ಚಿಕ್ಕಪ್ಪ, ಮುಖ ಎಲ್ರಿಗೂ ಕಾಣತ್ತೆ' ಅಂದ. 'ನೀನು ಹೊಸಬ, ಅದಕ್ಕೇ ಸಿಕ್ಕಿಬಿದ್ದೆ' ಅಂದ."

"ನೀನೇನಂದೆ?"

"ಬದುಕ್ಕೊಂಡೆ ಕಣಪ್ಪ, ಹೇಳಿದ್ದು ಒಳ್ಳೇದಾಯ್ತು ಅಂದೆ." ಹಮ್ಮಾದಿ ತಟ್ಟೆ ಸರಿಸಿದ. "ಆ ಕಾಫಿ ಇನ್ನೂ ಗಂಟಲಲ್ಲೇ ಇದೆ, ದಲೆಂದಾ."

ಎದ್ದು ಹೋಗಿ ಕೈಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡ. ಮಾರನೆಯ ದಿನ ಮತ್ತೆ ಹೋಗಿ ಅದೇ ಮೇಜಿನಲ್ಲಿ ಕೂತ.

ಗುರುವಾರ ಮಧ್ಯಾಹ್ನ ಒಂದೂವರೆಗೆ ಸೌಸನ್ ಬಕೆಟ್ಟು ಹಿಡಿದು ಬಂದಳು. ಬಕೆಟ್ಟಿನಲ್ಲಿ ಬಾಚಣಿಗೆ ಸೋಪುಗಳ ಕೆಳಗೆ ಮಗಳ ಎರಡು ಅಂಗಿ, ಜನನ ಪತ್ರ, ಒಂದು ಗೊಂಬೆ. ಅವಳ ಫೋನು ಹಮ್ಮಾಮಿನಲ್ಲಿ ಬಟ್ಟೆ ಕಾಯುವ ಮಬ್ರೂಕಾಳ ಪೆಟ್ಟಿಗೆಯೊಳಗಿತ್ತು. ಅದು ಎಲ್ಲಿದೆ ಎಂದು ಫೌಜಿ ತನ್ನ ಫೋನಿನಲ್ಲಿ ನೋಡಿದರೆ ಹಮ್ಮಾಮು ತೋರಿಸಬೇಕು. ದಲೆಂದಾ ಅವಳ ಕೂದಲನ್ನು ಬಾಚಿ ಬಿಗಿಯಾಗಿ ಕಟ್ಟಿದಳು. ನೀರಿನ ಚೊಂಬು ಮೂಲೆಯಲ್ಲಿತ್ತು. ಲೀನ್ ಅದನ್ನು ನೋಡಿ ತಲೆ ಬಗ್ಗಿಸಿ ನಿಂತಳು.

"ಇವತ್ತು ಬೇಡ ಪುಟ್ಟಿ," ಎಂದಳು ದಲೆಂದಾ. "ದಾರಿ ದೂರ, ಶೀತ ಆಗತ್ತೆ."

ಸೌಸನ್ ಅವಳ ಕೈಗೆ ಮುತ್ತಿಟ್ಟು ಹಿಂದಿನ ಮೆಟ್ಟಿಲಿನಿಂದ ಇಳಿದುಹೋದಳು. ಒಣ ಕೂದಲಿನಲ್ಲಿ.

ಆಶ್ರಯಮನೆಯ ಊರಿಗೆ ಹೋಗುವ ಬಾಡಿಗೆ ವ್ಯಾನು ಎಂಟು ಜನ ತುಂಬದೆ ಹೊರಡುವುದಿಲ್ಲ. ಅದು ಹಮ್ಮಾದಿಗೂ ಗೊತ್ತು, ಫೌಜಿಗೂ ಗೊತ್ತು, ಈ ದೇಶದ ಕೂಸಿಗೂ ಗೊತ್ತು. ಅಂದು ಮೂರು ಗಂಟೆಯಾದರೂ ಏಳೇ ಜನ. ನಿಲ್ದಾಣದಿಂದ ಹೊರಬೀಳುವ ರಸ್ತೆ ಕಾಫಿ ಅಂಗಡಿಯ ಮುಂದೆಯೇ ಹಾಯುತ್ತದೆ. ದಲೆಂದಾ ಕಿಟಕಿಯ ಸಂದಿನಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ವ್ಯಾನು ಬರಲಿಲ್ಲ. ಮೂರೂವರೆಗೆ ಫೌಜಿ ಬಂದ.

ಅವನು ಫೋನು ನೋಡುತ್ತಾ ನೇರ ಹಮ್ಮಾಮಿನ ಬಾಗಿಲಿಗೆ ಹೋದ. ಗಂಡಸರು ಆ ಹೊತ್ತಿನಲ್ಲಿ ಹೊಸಿಲು ದಾಟುವಂತಿಲ್ಲ. ಮಬ್ರೂಕಾಳ ಗಂಟಲು ದಲೆಂದಾಳ ಕಿಟಕಿಗೂ ಕೇಳಿಸಿತು.

"ಒಳಗಿದಾಳಪ್ಪ, ಬೆನ್ನು ಉಜ್ಜಿಸ್ಕೊಳ್ತಾ ಇದಾಳೆ! ನೀನೂ ಬರ್ತೀಯಾ, ನಿಂದೂ ಉಜ್ತೀನಿ!"

ಓಣಿಯಲ್ಲಿದ್ದವರು ನಕ್ಕರು. ಫೌಜಿ ನಗಲಿಲ್ಲ. ಅತ್ತ ಇತ್ತ ನೋಡಿದ, ನಿಲ್ದಾಣದ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದ.

ಆಗ ಕಾಫಿ ಅಂಗಡಿಯ ಮುಂದೆ ಹಮ್ಮಾದಿ ಎದ್ದು ನಿಂತ. ತಾನು ಕೂತಿದ್ದ ಒಳ್ಳೆಯ ಕುರ್ಚಿಯನ್ನು ಎತ್ತಿ, ರಸ್ತೆಗೆ ಬೆನ್ನಾಗುವಂತೆ ತಿರುಗಿಸಿಟ್ಟು, ಫೌಜಿಯ ತೋಳು ಹಿಡಿದು ಏನೋ ಹೇಳಿದ. ಏನು ಹೇಳಿದನೆಂದು ದಲೆಂದಾಳಿಗೆ ತಿಳಿದದ್ದು ಮನೆಗೆ ಬಂದ ಮೇಲೆ. "ಹೆಂಗಸರನ್ನ ಕಾದು ನಿಂತ್ಕೋತಾರೇನೋ? ಬಾ, ನಿಂಗೊಂದು ಕಾಫಿ ಬಾಕಿ ಇದೆ. ಹೇಗೆ ಹೊಡೀಬೇಕು ಅಂತ ಪೂರ್ತಿ ಹೇಳ್ಕೊಡು," ಎಂದಿದ್ದನಂತೆ.

ಫೌಜಿ ಕೂತ. ಹಮ್ಮಾದಿ ಎಲೆ ಹಂಚಿದ. ಫೌಜಿ ಕೈ ಎತ್ತಿ ತೋರಿಸಿ ತೋರಿಸಿ ಕಲಿಸುತ್ತಿದ್ದ, ಹಮ್ಮಾದಿ ತಲೆಯಾಡಿಸುತ್ತಿದ್ದ, ಒಂದೊಂದು ಎಲೆಗೂ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾಲ್ಕೂ ಹತ್ತಕ್ಕೆ ವ್ಯಾನು ತಿರುವಿನಲ್ಲಿ ಕಾಣಿಸಿತು. ಎಂಟನೆಯವನು ಎಲ್ಲಿಂದಲೋ ಬಂದು ಸೇರಿದ್ದ. ಅವನ ಹೊಟ್ಟೆ ತಣ್ಣಗಿರಲಿ. ಹಿಂದಿನ ಸೀಟಿನ ಗಾಜಿಗೆ ಒಂದು ಪುಟ್ಟ ಮೂಗು ಒತ್ತಿಕೊಂಡಿತ್ತು. ವ್ಯಾನಿನ ಸದ್ದಿಗೆ ಫೌಜಿ ಹಿಂದಿರುಗಿ ನೋಡಲು ಹೊರಟ. ಹಮ್ಮಾದಿ ಮೇಜನ್ನು ಗುದ್ದಿ ಎಲೆ ಎಸೆದು, ಓಣಿಗೆಲ್ಲ ಕೇಳುವಂತೆ ಗೆದ್ದವನ ಕೂಗು ಹಾಕಿದ:

"ಶ್ಕುಬ್ಬಾ!"

ಹಮ್ಮಾದಿ ಗೆದ್ದದ್ದನ್ನು ಯಾರೂ ಕಂಡಿರಲಿಲ್ಲ. ಅಂಗಡಿಯವರೆಲ್ಲ ಎದ್ದು ಬಂದು ಮೇಜನ್ನು ಸುತ್ತುವರಿದರು. ಅವರ ಹಿಂದೆ ವ್ಯಾನು ಹಾದುಹೋಯಿತು.

ಫೌಜಿ ಎಂಟು ದಿನ ಊರೂರು ಸುತ್ತಿದ. ಹಮ್ಮಾಮಿನ ಬಾಗಿಲು ಒದ್ದ, ಅತ್ತೆಯ ಮನೆಯ ಗಾಜು ಒಡೆದ, ಆ ಗಾಜಿಗಾಗಿ ಒಂದು ದಿನ ಠಾಣೆಯಲ್ಲೂ ಕೂತ. ಕೇಂದ್ರದ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಅವನ ಹೆಂಡತಿ ಅಲ್ಲಿಗೆ ಹೋಗುತ್ತಿದ್ದಳೆಂದು ಯಾವ ಫೋನೂ ಅವನಿಗೆ ಹೇಳಿರಲಿಲ್ಲ.

ತಿಂಗಳ ಕೊನೆಯ ಶನಿವಾರ, ಕಾಫಿಯ ಹೊತ್ತಿಗೆ, ದಲೆಂದಾಳ ಫೋನಿಗೆ ಬೇರೆ ಬಗೆಯ ಮೆಸೇಜ್ ಬಂತು. 'ನಿಮ್ಮ ಮೇಲಿನ ಹಿಂಸೆ ನಿಂತಿದೆಯೇ? ಹೌದಾದರೆ 1 ಒತ್ತಿ, ಇಲ್ಲವಾದರೆ 2 ಒತ್ತಿ.' ಅವಳು ಅನೀಸ್‌ಗೆ ಫೋನು ಮಾಡಿ ವಿಚಾರಿಸಿದಳು. ಒಂದು ಒತ್ತಿದರೆ ಕಡತ ಮುಚ್ಚುತ್ತದೆ, ಆರೋಪಿಯ ಹೆಸರು ತೆಗೆಯುತ್ತಾರೆ, ಆ ನಂಬರನ್ನು ಬಿಡುಗಡೆ ಮಾಡಿ ಅದರಡಿಯ ಭೇಟಿಗಳಿಗೆಲ್ಲ ಹೊಸ ನಂಬರು ಕೇಳುತ್ತಾರೆ ಎಂದ ಅವನು.

ದಲೆಂದಾ ಫೋನನ್ನು ಮೇಜಿನ ಮೇಲಿಟ್ಟಳು.

"ಸಾಕು ಹಮ್ಮಾದಿ. ಆ ಹುಡುಗಿ ಸುಖವಾಗಿದಾಳೆ. ನಾನು ಒಂದು ಒತ್ತಿಬಿಡ್ತೀನಿ. ಓಣಿ ಮಕ್ಕಳು ನಿನ್ನ ಕಂಡ್ರೆ ಓಡ್ತಾವೆ, ನಂಗೆ ನೋಡಕ್ಕಾಗಲ್ಲ."

ಹಮ್ಮಾದಿ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, ನಿಧಾನವಾಗಿ ಅಗಿದು ನುಂಗಿದ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅವಳ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದ.

"ಆ ನಂಬರಲ್ಲಿ ಈಗ ಎಷ್ಟು ಜನ ಇದಾರೆ?"

"ಎಪ್ಪತ್ತೊಂದು."

ಹಮ್ಮಾದಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಎರಡು ಒತ್ತಿದ.

ಸೋಮವಾರ ಬೆಳಗ್ಗೆ ನೀಲಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು ಠಾಣೆಗೆ ಹೋಗಿ, ಇನ್ನು ಮುಂದೆ ಹೆಂಡತಿಗೆ ಹೊಡೆಯುವುದಿಲ್ಲ ಎಂದು ಬರೆದುಕೊಟ್ಟು ಬಂದ.